ನಾನು ಬಿಟ್ಟ ಕೊನೆಯ ನುಡಿ

ವಾಡಿಯಲ್ಲಿ ರೈಲ್ವೆ ನೌಕರಿ ಮುಗಿದ ಮೇಲೆ ಮೊಬೈಲ್ ಮುಂದೆ ಹಾರ್ಮೋನಿಯಂ ಪೇಟಿ ಇಟ್ಟುಕೊಂಡು ಹಾಡಿನ ಪಾಠ ಹೇಳಿ, ಆ ವಿಡಿಯೊಗಳನ್ನು ಇಂಟರ್ನೆಟ್ಟಿಗೆ ಹಾಕಲು ಶುರುಮಾಡಿದೆ. ನಾನು ಓದಿದ್ದು ಹತ್ತನೆಯ ತರಗತಿ. ಸಿನಿಮಾ ಹಾಡು ಕಲಿಸಿದ್ದಕ್ಕೆ, ಅದರ ಹಕ್ಕು ಬೇರೆಯವರದೆಂದು ಒಂದು ಸಲ ನೋಟೀಸು ಬಂತು, ಆ ಪಾಠವನ್ನು ತೆಗೆದುಹಾಕಿದರು. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಎರಡು ಸಾಲು ಬಾರಿಸಿ, ಬೆರಳು ಎಲ್ಲಿ ಇಡಬೇಕೆಂದು ತೋರಿಸುವುದು ಕಳವಾದರೆ ಯಾರೂ ಯಾರಿಗೂ ಏನೂ ಕಲಿಸುವಂತಿಲ್ಲ.

ನಾನು ಮಾಡಿದ ಕಳವು ಬೇರೆ.

ನೋಟೀಸಿನ ಕಾಟ ಬೇಡವೆಂದು ಭಜನೆಯ ಪದಗಳಿಗೆ ತಿರುಗಿದೆ. ಮಳಖೇಡದಲ್ಲಿ ನನಗೊಬ್ಬ ಗೆಳೆಯನಿದ್ದ. ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ಬಂದು, ಕಾಗಿಣಾ ಹೊಳೆಯ ದಂಡೆಯಲ್ಲಿ ಕೂತು ಪದ ಕಟ್ಟುತ್ತಿದ್ದ. ಪದ ಕಟ್ಟಿದವರು ಕೊನೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ತಮ್ಮ ಹೆಸರು ಇಡುತ್ತಾರೆ. ಅವನೂ ಇಟ್ಟಿದ್ದ. ಅವನು ತೀರಿಕೊಂಡ ಮೇಲೆ ಅವನದೊಂದು ಪದವನ್ನು ಪಾಠಕ್ಕೆ ತೆಗೆದುಕೊಂಡೆ. ಉದ್ದವಾಯಿತೆಂಬ ನೆಪದಿಂದ ಕೊನೆಯ ನುಡಿ ಬಿಟ್ಟೆ. ಕೆಳಗೆ, 'ಹಳೆಯ ಜನಪದ, ಕಟ್ಟಿದವರು ಗೊತ್ತಿಲ್ಲ' ಎಂದು ಬರೆದೆ. ನನಗೆ ಗೊತ್ತಿತ್ತು. ಜನ ನನ್ನನ್ನು ಬಿಟ್ಟು ಅವನನ್ನು ಹೊಗಳಿಯಾರೆಂಬ ಹೊಟ್ಟೆಕಿಚ್ಚೂ ಇತ್ತು.

ಒಂದು ಹಾಡಿನ ಕಂಪನಿ ಆ ಪದಕ್ಕೆ ವಾದ್ಯ ತುಂಬಿ, ತನ್ನದೆಂದು ಹಕ್ಕು ದಾಖಲಿಸಿತು. ನಾನು ಬಿಟ್ಟ ನುಡಿಯನ್ನೇ ಅವರೂ ಬಿಟ್ಟಿದ್ದರು. ಎರಡನೆಯ ನೋಟೀಸು ಬಂದು ಆ ಪಾಠವೂ ಹೋಯಿತು. ಹಿಂದೆಯೇ ಗೆಳೆಯನ ಮಗಳ ಫೋನು ಬಂತು.

"ಕಾಕಾ, ಅಪ್ಪನ ಪದ ಹಾಡಿ ಹಾಕಿದ್ದೆ, ತೆಗದುಬಿಟ್ಟಾರ. ಅದು ಯಾರ್ದೂ ಅಲ್ಲಂತ ನೀವೇ ಬರದೀರಂತಲ್ರಿ?"

"ಬರದೀನವ್ವಾ. ಭಾಳ ತಪ್ಪಾಗ್ಯಾದ."

"ತಪ್ಪಾಗ್ಯಾದ ಅಂದ್ರ ಆತೇನ್ರಿ? ನಮ್ಮ ಮನ್ಯಾಗ ಎಷ್ಟು ಸಲ ಉಂಡೀರಿ, ಅಪ್ಪನ ಹೆಸರು ನೆನಪಾಗ್ಲಿಲ್ಲ? ನಮ್ಮಪ್ಪನ ಪದ ಹಾಡ್ಲಿಕ್ಕೆ ಈಗ ನಾ ಯಾರ್ನ ಕೇಳ್ಬೇಕ್ರಿ?"

ಮರುದಿನ ಪೇಟಿ ಹೊತ್ತುಕೊಂಡು ಮಳಖೇಡಕ್ಕೆ ಹೋದೆ. ಅವಳು ಚಹಾ ಕುಡಿಯುತ್ತೀರಾ ಎಂದೂ ಕೇಳಲಿಲ್ಲ. ಅಪ್ಪ ಕೈಯಾರೆ ಬರೆದ ಪದಗಳ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟಳು.

"ಮೂರನೇ ನೋಟೀಸ್ ಬಂದ್ರ ನಿಮ್ಮ ಪಾಠ ಎಲ್ಲಾ ಬಂದ್ ಮಾಡ್ತಾರಂತ. ಅಂಜಿಕಿ ಇಲ್ಲೇನ್ರಿ ಕಾಕಾ?"

"ಮಾಡ್ಲಿ ಬಿಡವ್ವಾ. ನನ್ನ ಪೇಟಿ ಹೊತ್ಕೊಂಡು ಹೋಗ್ತಾರೇನು? ನೀ ಹಾಡು."

ಅವಳು ಮೊದಲ ಸಲ ನಕ್ಕಳು. ನಾನು ಬಾರಿಸಿದೆ, ಅವಳು ಪದವನ್ನು ಪೂರಾ ಹಾಡಿದಳು. ಕೊನೆಗೆ ಮೊಬೈಲಿಗೆ ಮುಖ ಕೊಟ್ಟು ಹೇಳಿದೆ: ಈ ಪದ ಕಟ್ಟಿದವನು ಇವಳ ತಂದೆ. ಗೊತ್ತಿಲ್ಲವೆಂದು ಸುಳ್ಳು ಬರೆದವನು ನಾನು. ನೋಟ್‌ಬುಕ್ಕಿನ ಆ ಪುಟವನ್ನೂ ತೋರಿಸಿದೆ.

ವಾಡಿಗೆ ಮರಳಿ ಆ ವಿಡಿಯೊ ಹಾಕಿದ್ದೇನೆ. ಸೇಡಂ, ಚಿಂಚೋಳಿಯ ನನ್ನ ಶಿಷ್ಯರಿಗೆ ಫೋನು ಮಾಡಿ ಹೇಳಿದ್ದೇನೆ: ಪಾಠಗಳು ಕಾಣದಿದ್ದರೆ ಮನೆಗೆ ಬನ್ನಿ, ಕೊನೆಯ ನುಡಿಯಿಂದಲೇ ಶುರುಮಾಡೋಣ.