ಅಣ್ಣ ತುಂಬಿದ ಹಲ್ಲು

ವಿಂಧ್ಯಾಳ ಮನೆಯ ಬೀರುವಿನ ಬಾಗಿಲಿಗೆ ಒಳಗಡೆಯಿಂದ ಒಂದು ಚೀಟಿ ಅಂಟಿಸಿತ್ತು. ಮೇಲೆ ‘ಊರಿಗೆ ಹೋದಾಗ’ ಎಂದು ಬರೆದು ಅಡಿಗೆರೆ ಎಳೆದಿದ್ದಳು. ಓಲೆಯ ತಿರುಪು ಸಡಿಲ, ರವಿಕೆ ಹೊಲಿಸುವುದು, ಗಿರಿಧರನ ಕನ್ನಡಕ, ಹಲ್ಲು. ಗಂಡನ ವಿಮಾ ಕಚೇರಿಯ ವರ್ಗಾವಣೆಯಲ್ಲಿ ಮೂರು ವರ್ಷಕ್ಕೆಂದು ವಡೋದರಕ್ಕೆ ಬಂದವರು, ಹದಿನೇಳು ವರ್ಷವಾದರೂ ಎಲ್ಲವನ್ನೂ ಆ ಚೀಟಿಗೆ ಬರೆದು ಮೇ ತಿಂಗಳಿಗೆ ಕಾಯುತ್ತಿದ್ದರು. ಇಲ್ಲಿ ದರ್ಜಿಗಳಿರಲಿಲ್ಲ ಎಂದಲ್ಲ. ದಂತವೈದ್ಯರೂ ಇದ್ದರು.

ಹಲ್ಲಿನ ವಿಷಯ ಮಾತ್ರ ಬೇರೆ. ಅರಸೀಕೆರೆಯಲ್ಲಿ, ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ, ಅವಳ ಅಣ್ಣ ದಿವಾಕರನ ಕ್ಲಿನಿಕ್ ಇತ್ತು. ಅವಳ ಬಾಯಿಗೆ ಅವನೊಬ್ಬನೇ ಕೈಹಾಕಿದವನು. ಮದುವೆಗೆ ಒಂದು ವಾರವಿದ್ದಾಗ ಕೆಳಗಿನ ಬಲಗಡೆಯ ದವಡೆಹಲ್ಲಿನ ಹುಳುಕಿಗೆ ಬೆಳ್ಳಿ ಬಣ್ಣದ ಸಿಮೆಂಟು ತುಂಬಿ, ‘ಇದಕ್ಕೆ ನಾನು ಗ್ಯಾರಂಟಿ. ಗಂಡನಿಗೆ ನಾನು ಜವಾಬ್ದಾರನಲ್ಲ’ ಅಂದಿದ್ದ.

ಇಪ್ಪತ್ತೊಂದು ವರ್ಷ ಆ ಹಲ್ಲು ಸುಮ್ಮನಿತ್ತು. ವಿಂಧ್ಯಾ ವಡೋದರದಲ್ಲೇ ಮಕರಪುರದ ಕಾರ್ಖಾನೆಯೊಂದರಲ್ಲಿ ಸ್ವಿಚ್ಚು ಪರೀಕ್ಷಿಸುವ ಕೆಲಸಕ್ಕೆ ಸೇರಿದಳು. ಒತ್ತಿದಾಗ ದೀಪ ಹತ್ತಿದರೆ ಹಸಿರು ಬುಟ್ಟಿಗೆ, ಇಲ್ಲದಿದ್ದರೆ ಕೆಂಪು ಬುಟ್ಟಿಗೆ. ದಿನಕ್ಕೆ ಎಂಟುನೂರು. ಒಂದು ಬೇಸಿಗೆಯಲ್ಲಿ ಅಲ್ಲಿಯ ಕೂಲರಿನ ನೀರು ಕುಡಿದಾಗ ಹಲ್ಲು ಮೊದಲ ಸಲ ಜುಮ್ಮೆಂದಿತು. ಸಂಜೆ ಮನೆಗೆ ಬಂದು ಚೀಟಿಯ ಕೊನೆಗೆ ‘ಹಲ್ಲು’ ಎಂದು ಸೇರಿಸಿದಳು.

ಆ ಮೇ ತಿಂಗಳು ಊರಿಗೆ ಹೋದಾಗ ಕ್ಲಿನಿಕ್ಕಿಗೆ ಬೀಗ ಬಿದ್ದಿತ್ತು. ದಿವಾಕರ ಲಿವರ್ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ. ಅವಳು ತಣ್ಣೀರನ್ನು ಬಾಯಿಯ ಎಡಗಡೆಯಿಂದ ಕುಡಿಯುವುದನ್ನು ಮಲಗಿದಲ್ಲಿಂದಲೇ ನೋಡಿದ.

‘ಬಾಯಿ ತೆಗಿ.’

‘ಈಗ್ಯಾಕಣ್ಣ ಅದೆಲ್ಲ, ಮಲ್ಕೋ.’

‘ತೆಗಿ ಅಂದ್ರೆ ತೆಗೀಬೇಕು. ಡಾಕ್ಟ್ರು ನೀನೋ ನಾನೋ?’

ಮೊಬೈಲಿನ ಬೆಳಕು ಹಿಡಿದು ನೋಡಿದ. ಬೆಳಕು ಅವಳ ಮುಖದ ಮೇಲೆಲ್ಲ ಅಲ್ಲಾಡುತ್ತಿತ್ತು. ‘ನಾನು ತುಂಬಿದ್ದರ ಅಂಚಿಂದ ಹುಳುಕು ಒಳಗಿಳಿದಿದೆ. ಒಳಗಿನ ನರ ಇನ್ನೂ ಜೀವಂತ ಇದೆ ಕಣೇ, ಅದಕ್ಕೇ ಜುಮ್ಮನ್ನೋದು. ಅದು ಸಾಯೋಕ್ಕೆ ಮುಂಚೆ ಮಾಡಿಸ್ಕೋ. ಅಲ್ಲೇ ಯಾರಿಗಾದ್ರೂ ತೋರಿಸು. ನನ್ನ ಕೈ ನಡುಗುತ್ತೆ.’

ವಡೋದರಕ್ಕೆ ಮರಳಿದ ಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಅದೇ ಪ್ರಶ್ನೆ. ‘ತೋರಿಸ್ದೆಯಾ?’ ಮೂರನೆಯ ಭಾನುವಾರ ಅವಳು, ‘ಮಾಡಿಸಿ ಆಯ್ತಣ್ಣ’ ಅಂದುಬಿಟ್ಟಳು.

‘ಯಾವ ಸಿಮೆಂಟು ಹಾಕಿದ್ರು?’

‘ಬಿಳೀದು.’

‘ಹಾಗಾದ್ರೆ ತಿಳಿದವರೇ. ಒಳ್ಳೇದಾಯ್ತು.’

ಅವಳು ಎಲ್ಲಿಗೂ ಹೋಗಿರಲಿಲ್ಲ. ಅವನು ತುಂಬಿದ್ದನ್ನು ಇನ್ನೊಬ್ಬರ ಕೈಯಲ್ಲಿ ಕೀಳಿಸುವುದೆಂದರೆ, ಅವನು ಇನ್ನು ಏಳುವುದಿಲ್ಲವೆಂದು ತಾನೇ ಒಪ್ಪಿಕೊಂಡಂತೆ ಅನ್ನಿಸಿತ್ತು. ಶ್ರಾವಣದಲ್ಲಿ ದಿವಾಕರ ತೀರಿಕೊಂಡ. ಆಮೇಲಂತೂ ಆ ಹಲ್ಲನ್ನು ಯಾರೂ ಮುಟ್ಟಬಾರದು ಅನ್ನಿಸಿತು. ಜುಮ್ಮೆನ್ನುವುದೊಂದು ಇದೆಯಲ್ಲ, ಇರಲಿ. ಹಾಗೇ ಒಂದು ವರ್ಷ ಕಳೆಯಿತು.

ನೋವು ತಣ್ಣೀರಿಗೆ ಕಾಯದೆ ತಾನಾಗಿಯೇ ಬರತೊಡಗಿದಾಗ, ಗಿರಿಧರ ಅರ್ಧ ದಿನ ರಜೆ ಹಾಕಿ ಅವಳನ್ನು ಡಾಕ್ಟರ್ ಪೂರ್ವಿಯ ಬಳಿ ಕರೆದುಕೊಂಡು ಹೋದ. ಮೂವತ್ತು ದಾಟದ ಹುಡುಗಿ. ಎಕ್ಸ್‌ರೇ ತೋರಿಸಿ, ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು: ‘ವರ್ಷದ ಹಿಂದೆ ಬಂದಿದ್ರೆ ನರ ಮುಟ್ಟದೇ ಮುಗೀತಿತ್ತು, ವಿಂಧ್ಯಾಬೆನ್.’

‘ಜೀವ ಇದೆಯಾ?’

‘ಇದೆ. ನರ ಪೂರ್ತಿ ತೆಗೆದುಬಿಡೋದು ಮಾಮೂಲಿ ದಾರಿ. ಆದ್ರೆ ಉಳಿಸೋಕೆ ನೋಡೋಣ. ಹುಳುಕು ತೆಗೆದ ಮೇಲೆ ಒಳಗಿನ ರಕ್ತ ತಾನಾಗಿ ನಿಂತ್ರೆ ಉಳಿಯುತ್ತೆ. ನಿಲ್ಲದಿದ್ರೆ ಇಲ್ಲ.’

‘ಉಳಿಸಿಕೊಡಿ’ ಅಂದಳು ವಿಂಧ್ಯಾ. ಅಷ್ಟು ಗಟ್ಟಿಯಾಗಿ ಅವಳು ಏನನ್ನೂ ಕೇಳಿದ್ದನ್ನು ಗಿರಿಧರ ಕಂಡಿರಲಿಲ್ಲ.

ಇಂಜೆಕ್ಷನ್ನಿಗೆ ಅರ್ಧ ಮುಖ ಮರಗಟ್ಟಿತು. ಅಣ್ಣ ತುಂಬಿದ್ದ ಬೆಳ್ಳಿ ಬಣ್ಣದ್ದು ಚೂರುಚೂರಾಗಿ ಎದ್ದು, ಉಗುಳು ಹೀರುವ ಕೊಳವೆಯೊಳಗೆ ಕಟಕಟನೆ ಹೋಯಿತು. ನೋಡಬೇಕೆಂದುಕೊಂಡಿದ್ದಳು. ಆಗಲಿಲ್ಲ.

ಪೂರ್ವಿ ಔಷಧದ ಹತ್ತಿ ಇಟ್ಟು ಗಡಿಯಾರ ನೋಡಿದಳು. ಕಾರ್ಖಾನೆಯಲ್ಲಾದರೆ ಒಂದು ಕ್ಷಣದಲ್ಲಿ ತಿಳಿಯುತ್ತಿತ್ತು. ಇಲ್ಲಿ ಐದು ನಿಮಿಷ, ಮತ್ತೆ ಐದು ನಿಮಿಷ. ಹತ್ತಿ ತೆಗೆದಾಗ ಕೆಂಪಾಗಿತ್ತು. ‘ನರದ ಮೇಲಿನ ಭಾಗ ಹೋಗಿದೆ. ಅದನ್ನ ತೆಗೀತೀನಿ. ಬೇರಿನೊಳಗೆ ನೋಡೋಣ’ ಎಂದು ಅದನ್ನು ತೆಗೆದು ಮತ್ತೆ ಹತ್ತಿ ಇಟ್ಟಳು. ವಿಂಧ್ಯಾ ಕುರ್ಚಿಯ ಕೈ ಹಿಡಿದುಕೊಂಡಳು.

ಎರಡನೆಯ ಹತ್ತಿ ಹೆಚ್ಚುಕಡಿಮೆ ಬೆಳ್ಳಗೇ ಬಂತು.

‘ಬೇರಲ್ಲಿ ಜೀವ ಉಳೀತು’ ಅಂದಳು ಪೂರ್ವಿ, ಸಿಮೆಂಟು ಕಲಸುತ್ತ. ವಿಂಧ್ಯಾ ಅತ್ತ ಕಣ್ಣು ಹೊರಳಿಸಿದಳು. ಅಣ್ಣನಿಗೆ ಹೇಳಿದ್ದ ಹಾಗೇ ಅದು ಬಿಳಿಯದಾಗಿತ್ತು. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

‘ನೋವಾಯ್ತಾ?’

ಇಲ್ಲವೆಂದು ತಲೆಯಾಡಿಸಿದಳು.

‘ಆರು ತಿಂಗಳಿಗೆ ಬನ್ನಿ, ಎಕ್ಸ್‌ರೇ ತೆಗೆದು ನೋಡ್ತೀನಿ. ಜೀವ ಇರುತ್ತೆ, ಆದ್ರೆ ಇನ್ಮೇಲೆ ತಣ್ಣಗಿರೋದು ಮುಟ್ಟಿದ್ರೆ ಈ ಹಲ್ಲಿಗೆ ಗೊತ್ತಾಗೋದು ಅನುಮಾನ. ನಿಮಗೂ ಆರಾಮ.’

ಮಾರನೆಯ ದಿನ ವಿಂಧ್ಯಾ ಅಡುಗೆಮನೆಯಲ್ಲಿ ನಿಂತು ಮಡಕೆಯ ನೀರನ್ನು ಬಲಗಡೆ ಹಿಡಿದು ನುಂಗಿದಳು.

‘ಜುಮ್ಮಂತಾ?’ ಬಾಗಿಲಲ್ಲಿ ನಿಂತ ಗಿರಿಧರ ಕೇಳಿದ.

‘ಇಲ್ಲ ಕಣ್ರೀ.’

‘ನೋಡಿದ್ಯಾ, ಎಷ್ಟು ಸಲೀಸಾಯ್ತು. ಊರಲ್ಲಿರೋ ನಿನ್ನ ಅತ್ತಿಗೆಗೆ ಫೋನ್ ಮಾಡಿ ಹೇಳು, ಸಮಾಧಾನ ಆಗುತ್ತೆ.’

‘ಏನಂತ ಹೇಳ್ಲಿ? ಅವರ ಪಾಲಿಗೆ ನಾನಿದನ್ನ ಅಣ್ಣ ಇದ್ದಾಗ್ಲೇ ಮಾಡಿಸಿ ಆಗಿದೆ.’

ಗಿರಿಧರ ಊಟದ ಡಬ್ಬಿ ತೆಗೆದುಕೊಂಡು ಕಚೇರಿಗೆ ಹೊರಟ. ಅವಳು ಲೋಟದಲ್ಲಿ ಉಳಿದ ನೀರನ್ನೂ ಬಲಗಡೆಗೇ ತುಂಬಿಕೊಂಡು, ನುಂಗದೆ, ಜುಮ್ಮೆನ್ನಲೆಂದು ಕಾಯುತ್ತ ನಿಂತಳು.