ಮನೆಯಲ್ಲಿ ಹೇಳದೆ ಉಳಿದ ಉಣುಗಿನ ಪಾಠ

ಮೈಗಂಟಿ ರಕ್ತ ಹೀರುವ ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆಯನ್ನು ಇವತ್ತು ಆಶಾ ಕಾರ್ಯಕರ್ತೆ ಕೊಟ್ಟುಹೋದರು. ಅದರ ಘಾಟು ಮೂಗಿಗೆ ಬಡಿದದ್ದೇ, ಕಳಸದ ಹತ್ತಿರ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದಾಗಿನ ಒಂದು ವಾರ ನೆನಪಾಯಿತು.

ನಾನಾಗ ಐದನೇ ಕ್ಲಾಸು. ವಿಜ್ಞಾನದ ಟೀಚರ್ ಬೋರ್ಡಿನ ಮೇಲೆ ಮಂಗ, ಉಣುಗು, ಮನುಷ್ಯ ಅಂತ ಬರೆದು ನಡುವೆ ಬಾಣ ಎಳೆದರು. "ಮಂಗ ಸತ್ತ ಜಾಗದ ಉಣುಗು ಕಚ್ಚಿದರೆ ವಾರದೊಳಗೆ ಜ್ವರ ಬರಬಹುದು. ಜೀವಕ್ಕೇ ಅಪಾಯ" ಅಂದರು. ನಾನು ಕೊಟ್ಟಿಗೆಗೆ ಹಾಸಲು ಒಣಗಿದ ಎಲೆಯ ದರಗು ಗುಡಿಸಿ ತರುತ್ತಿದ್ದ ಕಾಡಿನಂಚಿನಲ್ಲೇ ಸತ್ತ ಮಂಗವೊಂದನ್ನು ನೋಡಿದ್ದೆ.

ಸಂಜೆ ಹೊಟ್ಟೆನೋವು ಅಂತ ಸುಳ್ಳು ಹೇಳಿ ಮಲಗಿದೆ. ನನ್ನ ಬದಲು ಅಮ್ಮ ದರಗು ತರಲು ಹೋದಳು. ವಾಪಸು ಬಂದು ಕಾಲಿಗೆ ಕಚ್ಚಿದ್ದ ಉಣುಗು ಕಿತ್ತು ಒಲೆಗೆ ಹಾಕಿದಳು. ಸುಳ್ಳು ಬಯಲಾಗುವ ಭಯಕ್ಕೆ ನಾನು ಬಾಯಿ ಬಿಡಲಿಲ್ಲ. ದಿನಾ ಬೆಳಿಗ್ಗೆ ಅವಳ ಹಣೆ ಮುಟ್ಟಿ ನೋಡುತ್ತಿದ್ದೆ. ಐದನೇ ದಿನ ಹಣೆ ಸುಡುತ್ತಿತ್ತು.

ಅಳುತ್ತಾ ಅಪ್ಪನಿಗೆ ಎಲ್ಲ ಹೇಳಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಜೀಪಿನಲ್ಲಿ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದರು. ರಕ್ತಪರೀಕ್ಷೆಯ ವರದಿ ಬರುವವರೆಗೂ ನನಗೆ ಅನ್ನ ಸೇರಲಿಲ್ಲ. ಪುಣ್ಯಕ್ಕೆ ಅದು ಉಣುಗಿನಿಂದ ಬಂದದ್ದಲ್ಲ, ಬೇರೆ ಜ್ವರ.

ಮನೆಗೆ ಬಂದ ಅಮ್ಮ ಬೈಯಲಿಲ್ಲ. "ಮೊದಲೇ ಹೇಳಿದ್ರೆ ನಾನೂ ಹೋಗ್ತಿರ್ಲಿಲ್ಲ ಕಣೇ" ಅಂದಳು, ಅಷ್ಟೆ.

ಈಗ ನನ್ನ ಮಗಳು ಶಾಲೆಯಿಂದ ಬಂದರೆ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾಳೆ, "ಇವತ್ತು ಏನ್ ಪಾಠ ಮಾಡಿದ್ರು?"