ಒಳಕ್ಕೆ ತೆರೆಯುತ್ತಿದ್ದ ಬಾಗಿಲು

ಬೆಂಜ್ ಸರ್ಕಲ್‌ನ ನಾನೀಗ ಕೆಲಸ ಮಾಡುವ ಔಷಧ ಕಂಪನಿಯ ಆಫೀಸಿನಲ್ಲಿ, ಮೊನ್ನೆಯ ಸಭೆಯಲ್ಲಿ ಯಾರೋ ಬೋರ್ಡಿಗೆ ಬರೆಯಲೆಂದು ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದರು. ಆ ಸಿಹಿ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣು ಬಾಗಿಲನ್ನು ಹುಡುಕಿತು. ವಿಶಾಖಪಟ್ಟಣ ಬಿಟ್ಟು ಮೂರು ವರ್ಷವಾದರೂ ಈ ಅಭ್ಯಾಸ ಹೋಗಿಲ್ಲ...

ಅಲ್ಲಿ ಪರವಾಡದ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ಪುಡಿ ಒಣಗಿಸುವ ಕೋಣೆಗೆ ಸ್ಯಾಂಪಲ್ ತರಲು ಹೋದಾಗಲೆಲ್ಲ ಅಲ್ಲಿನ ಹಿರಿಯ ಆಪರೇಟರ್ ಸಿಗುತ್ತಿದ್ದರು. ಎಲ್ಲರೂ ಅವರನ್ನು ಬಾಬಾಯಿ ಎನ್ನುತ್ತಿದ್ದರು. ತೆಲುಗಿನಲ್ಲಿ ಚಿಕ್ಕಪ್ಪ ಎಂದರ್ಥ. ಅವರ ತಾಯಿ ಬಳ್ಳಾರಿಯವರು. ನಾನು ದಾವಣಗೆರೆಯವಳೆಂದು ತಿಳಿದ ದಿನದಿಂದ ಅಮ್ಮನ ಕನ್ನಡವನ್ನು ನನ್ನ ಮೇಲೆ ಪ್ರಯೋಗಿಸುತ್ತಿದ್ದರು. ಪದ ಸಿಗದ ಕಡೆ ತೆಲುಗು ತುಂಬುತ್ತಿದ್ದರು. ನಾನು ನಕ್ಕರೆ, "ನಗಬ್ಯಾಡಮ್ಮಾ, ನಮ್ಮಮ್ಮ ಹೋದಮ್ಯಾಗ ಕನ್ನಡ ಮಾತಾಡಾಕ ನೀನೊಬ್ಬಾಕಿನೇ ಇದ್ದೀ" ಎನ್ನುತ್ತಿದ್ದರು.

ಆ ವರ್ಷ ಆಡಳಿತದವರಿಗೆ ಹೊಸ ಐಡಿಯಾಗಳ ಹುಚ್ಚು ಹಿಡಿಯಿತು. ಹೊರಗಿನಿಂದ ಬಂದ ತರಬೇತುದಾರರು ನಮ್ಮನ್ನೆಲ್ಲ ಸುತ್ತ ಕೂರಿಸಿ, ಇಲ್ಲಿ ತಪ್ಪು ಐಡಿಯಾ ಎಂಬುದೇ ಇಲ್ಲ, ತೋಚಿದ್ದನ್ನು ಹೇಳಿ ಎಂದರು. ಬಾಬಾಯಿ ಎದ್ದರು. ಒಣಗಿಸುವ ಕೋಣೆಯ ಬಾಗಿಲು ಒಳಕ್ಕೆ ತೆರೆಯುತ್ತದೆ, ಗಾಬರಿಯಲ್ಲಿ ನಾಲ್ಕು ಜನ ನುಗ್ಗಿದರೆ ಎಳೆಯಲು ಜಾಗವಿರುವುದಿಲ್ಲ, ಹೊರಕ್ಕೆ ತೆರೆಯುವಂತೆ ಮಾಡಿ ಎಂದರು. ಇದು ಐಡಿಯಾ ಅಲ್ಲ, ದೂರು, ರಿಪೇರಿ ಪುಸ್ತಕದಲ್ಲಿ ಬರೆಯಿರಿ ಎಂದು ತರಬೇತುದಾರರು ನಕ್ಕರು. ಅದರಲ್ಲಿ ಮೂರು ಸಲ ಬರೆದಾಗಿದೆ ಎಂದು ಬಾಬಾಯಿ ನಿಂತೇ ಇದ್ದರು. ಅವರನ್ನು ಕೂರಿಸಲೆಂದೇ ಕೊನೆಗೆ ಅದನ್ನೂ ಪಟ್ಟಿಗೆ ಸೇರಿಸಿಕೊಂಡರು.

ನಂತರ ಮತದಾನ. ಎಲ್ಲರ ಮಾತಿಗೂ ಬೆಲೆ ಎಂದು ಮೊಬೈಲ್ ಆ್ಯಪ್‌ನಲ್ಲಿ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ಆದರೆ ಪ್ಲಾಂಟಿನೊಳಕ್ಕೆ ಮೊಬೈಲ್ ಒಯ್ಯುವಂತಿರಲಿಲ್ಲ. ಕಿಡಿ ಹಾರೀತೆಂಬ ಭಯಕ್ಕೆ ಗೇಟಿನ ಲಾಕರ್‌ನಲ್ಲೇ ಇಡಿಸುತ್ತಿದ್ದರು. ಆ ಹೊತ್ತಿನಲ್ಲಿ ಆ ಬಾಗಿಲಿನ ಹಿಂದೆ ದುಡಿಯುತ್ತಿದ್ದ ಒಬ್ಬರಿಗೂ ಮತ ಹಾಕಲಾಗಲಿಲ್ಲ. ಹೊಸದನ್ನು ಯೋಚಿಸಲೆಂದೇ ಕೂತಿದ್ದ ಇಷ್ಟು ಜನರಿಗೆ ಇದೊಂದು ಹೊಳೆಯಲಿಲ್ಲವೆ? ಗೆದ್ದದ್ದು ಕ್ಯಾಂಟೀನಿನಲ್ಲಿ ಸೆಲ್ಫಿ ಗೋಡೆ. ಆಫೀಸ್ ಕಟ್ಟಡದಲ್ಲಿದ್ದ ನಮ್ಮ ಲ್ಯಾಬಿನಲ್ಲಿ ಮೊಬೈಲಿಗೆ ಅಡ್ಡಿಯಿರಲಿಲ್ಲ. ಮ್ಯಾನೇಜರ್ ಸೂಚಿಸಿದ್ದೆಂದು ನಾನೂ ಅದಕ್ಕೇ ಒತ್ತಿದ್ದೆ.

ಮರುದಿನ ಬಾಬಾಯಿಯ ಮುಂದೆ ಇದನ್ನು ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಸೆಲ್ಫಿ ತಕ್ಕೊಳ್ಳಾಕ ಮೊದ್ಲು ಹೊರಗ ಬರಬೇಕಲ್ಲಮ್ಮಾ" ಎಂದರು, ಅಷ್ಟೆ.

ಎರಡು ತಿಂಗಳ ನಂತರ, ಬೆಳಗಿನ ಪಾಳಿ. ನಾನು ಒಣಗಿಸುವ ಕೋಣೆಯಲ್ಲಿ ಸ್ಯಾಂಪಲ್ ತೆಗೆಯುತ್ತಿದ್ದಾಗ ಡ್ರೈಯರ್‌ನಿಂದ ಸಿಹಿ ಘಾಟಿನ ದ್ರಾವಕದ ಆವಿ ನುಗ್ಗಿ ಬಂತು. ನಾವು ನಾಲ್ವರು ಬಾಗಿಲಿನ ಮೇಲೆ ಬಿದ್ದೆವು. ನಮ್ಮದೇ ಭಾರಕ್ಕೆ ಅದು ಅಲ್ಲಾಡಲಿಲ್ಲ. ನನ್ನ ಕೆನ್ನೆ ಅದರ ತಗಡಿಗೆ ಒತ್ತಿತ್ತು, ಉಸಿರು ಉರಿಯುತ್ತಿತ್ತು... ಬಾಬಾಯಿ ಹಿಂದಿನಿಂದ ಒಬ್ಬೊಬ್ಬರ ಕಾಲರ್ ಹಿಡಿದು ಎಳೆದರು. "ಹಿಂದಕ ಸರೀಮ್ಮಾ, ಹಿಂದಕ." ಜಾಗವಾಯಿತು, ಬಾಗಿಲು ತೆರೆಯಿತು, ನಾವು ಹೊರಬಿದ್ದೆವು. ಕೊನೆಯವರೆಗೆ ಒಳಗುಳಿದ ಬಾಬಾಯಿಯನ್ನು ಹೊತ್ತು ತರಬೇಕಾಯಿತು. ಆಸ್ಪತ್ರೆಯಲ್ಲಿ ಮೂರನೇ ದಿನ ತೀರಿಕೊಂಡರು. ಎಳೆಯುವ ಆ ಕೈ ಈಗಲೂ ನನ್ನ ಕತ್ತಿನ ಹಿಂದೆ ತಾಕುತ್ತದೆ.

ಬಾಗಿಲು ತಿರುಗಿಸಿ ಕೂರಿಸಲು ಫಿಟರ್‌ಗೆ ಹಿಡಿದದ್ದು ಒಂದೇ ಮಧ್ಯಾಹ್ನ. ವರ್ಷದ ಸಮಾರಂಭದಲ್ಲಿ ಬಾಬಾಯಿಗೆ ಅತ್ಯುತ್ತಮ ಐಡಿಯಾ ಪ್ರಶಸ್ತಿ ಘೋಷಿಸಿದರು. ಅವರ ಹೆಂಡತಿಯ ಕೈಗೆ ಫಲಕ ಕೊಟ್ಟು, ಸೆಲ್ಫಿ ಗೋಡೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಇದನ್ನು ಯಾಕೆ ಕೊಟ್ಟರು ಎಂದು ಆಕೆ ನನ್ನನ್ನು ಕೇಳಿದರು. ನಾನು ಫಲಕವನ್ನು ಚೀಲಕ್ಕೆ ಹಾಕಿಕೊಟ್ಟು ಅವರನ್ನು ಆಟೋ ಹತ್ತಿಸಿದೆ.

ಮೊನ್ನೆಯ ಸಭೆ ನಮ್ಮ ಔಷಧ ಗೋದಾಮಿನ ಕೆಲಸ ಸುಧಾರಿಸುವ ಐಡಿಯಾಗಳಿಗಾಗಿ. ನನ್ನ ಸರದಿ ಬಂದಾಗ ಎದ್ದು, ಗೋದಾಮಿನಲ್ಲಿ ದುಡಿಯುವವರು ಇಲ್ಲಿ ಎಷ್ಟು ಜನ ಇದ್ದೀರಿ ಎಂದು ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. ಸಭೆ ನಡೆಸುತ್ತಿದ್ದವರು ಒಳ್ಳೆಯ ಪ್ರಶ್ನೆ ಎಂದು ಹೊಗಳಿ, ಬೋರ್ಡಿನ ಮೂಲೆಯಲ್ಲಿ 'ಆಮೇಲೆ ನೋಡೋಣ' ಎಂಬ ಚೌಕದೊಳಗೆ ಬರೆದುಕೊಂಡು, ಕೂತುಕೊಳ್ಳಿ ಎಂದರು.

ಬಾಬಾಯಿ ಇಲ್ಲ. ನಾನು ಕೂರಲಿಲ್ಲ.